ಸೋದರಮಾವನ ಬೆವರು ಒರೆಸಿದ ಡಿಸ್ಕ್ ಸಂಸ್ಥೆಯವರಿಗೆ

ಹಳೆಯ ಸಿನಿಮಾಗಳನ್ನು ತೊಳೆದು ಬೆಳಗಿ ಡಿಸ್ಕಿನಲ್ಲಿ ಮಾರುವ ಸಂಸ್ಥೆಯ ಮುಖ್ಯಸ್ಥರ ಸನ್ನಿಧಿಗೆ,

ಮಾನ್ಯರೇ,

ತಲೆಬಾಗಿ ವಂದನೆಗಳು. ಮನುಕುಲದ ಇತಿಹಾಸದಲ್ಲಿ ಇದೇ ಮೊದಲ ಬಾರಿಗೆ, ಜೀವಂತ ವ್ಯಕ್ತಿಯೊಬ್ಬರು ಸೋಫಾದ ಮೇಲೆ ಚಹಾ ಹೀರುತ್ತ ಕುಳಿತಿದ್ದಾಗಲೇ ಮನುಷ್ಯಜಾತಿಯಿಂದ ಹೊರಬಿದ್ದ ಸಂಗತಿಯನ್ನು ಲೋಕಕ್ಕೆ ಸಾರುವ ಭಾಗ್ಯ ನನ್ನದಾಗಿದೆ. ಆ ವ್ಯಕ್ತಿ ನನ್ನ ಸೋದರಮಾವ, ಹೊರಹಾಕಿದವರು ತಾವು.

ತಾವು ಈಚೆಗೆ ಹೊರತಂದ ಥ್ರಿಲ್ಲರಿನಲ್ಲಿ ಕೃತಕ ಮನುಷ್ಯರು ನೋಡಲು ಥೇಟ್ ನಮ್ಮಂತೆಯೇ ಇದ್ದರೂ ಅವರಿಗೆ ಬೆವರು ಬರುವುದಿಲ್ಲವೆಂಬುದು, ಚಿತ್ರವನ್ನು ನೋಡಿದ್ದರೆ, ತಮಗೆ ಗೊತ್ತೇ ಇರುತ್ತದೆ. ಪತ್ತೇದಾರನು ಲಿಫ್ಟ್ ನಡೆಸುವವನ ಕೊರಳಪಟ್ಟಿ ಹಿಡಿದು, ಅವನ ಹಣೆಯಿಂದ ಇಳಿದು ಮೂಗಿನ ತುದಿಯಲ್ಲಿ ತೂಗಾಡುವ ಹನಿಯನ್ನು ಕಂಡು, “ಬಿಡ್ರೋ ಇವನನ್ನ, ಇವನು ಮನುಷ್ಯ” ಎನ್ನುತ್ತಾನಲ್ಲ, ಆ ಲಿಫ್ಟಿನವರೇ ನನ್ನ ಮಾವ. ಚಿತ್ರೀಕರಣ ನಡೆದ ಕಟ್ಟಡದಲ್ಲಿ ಅವರು ನಿಜಕ್ಕೂ ಲಿಫ್ಟ್ ನಡೆಸುತ್ತಿದ್ದರು. ಒಳಗಿನ ಫ್ಯಾನು ಕೆಟ್ಟಿತ್ತು. ಮೇಕಪ್‌ನವರು ಗ್ಲಿಸರಿನ್ ಹಿಡಿದು ಬಂದರೆ, “ಬೇಡಿ ಸಾರ್, ನಂದೇ ಬೇಕಾದಷ್ಟಿದೆ” ಎಂದರಂತೆ. ಅಂದಿನಿಂದ ಬಂಧುಬಳಗಕ್ಕೆಲ್ಲ ಅವರು ಬೆವರುಮಾವ.

ತಮ್ಮ ಶುದ್ಧೀಕರಣ ಯಂತ್ರದ ಕೈಚಳಕವನ್ನು ಎಷ್ಟು ಹೊಗಳಿದರೂ ಸಾಲದು. ಗೀರು, ದೂಳು, ಕಲೆ ಎಲ್ಲವೂ ಮಂಗಮಾಯ. ಜೊತೆಗೆ ಮುದಿ ವಿಜ್ಞಾನಿಯ ಸುಕ್ಕುಗಳೂ ಮಾಯವಾಗಿ ಅವರು ಚಿತ್ರದಲ್ಲಿನ ಸ್ವಂತ ಮಗನಿಗಿಂತ ಎಳೆಯರಾಗಿದ್ದಾರೆ. ಕಾವಲುನಾಯಿಗೆ ಮೇಣದ ಪಾಲಿಶ್ ಬಂದಿದೆ. ಅದೇ ಭರದಲ್ಲಿ, ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತೆ, ಮಾವನ ಹನಿಯನ್ನೂ ಕಲೆಯೆಂದು ಒರೆಸಿಬಿಟ್ಟಿದ್ದೀರಿ. ಅಷ್ಟಕ್ಕೇ ಬಿಟ್ಟಿದ್ದರೆ ಪತ್ತೇದಾರ ದಡ್ಡನೆಂದು ನಕ್ಕು ಸುಮ್ಮನಾಗುತ್ತಿದ್ದೆವು. ಆದರೆ ಹನಿಯನ್ನು ಅಳಿಸಿದ ತಾವು ಅದು ನೆಲಕ್ಕೆ ಬೀಳುವ “ಟಪ್” ಸದ್ದನ್ನು ಮಾತ್ರ ಉಳಿಸಿ, ಸಾಲದೆಂದು ಜೋರೂ ಮಾಡಿದ್ದೀರಿ. ಪಾತ್ರಗಳ ಮಾತು ದಿಂಬಿನಡಿಯಿಂದ ಬಂದಂತೆ ಕೇಳಿದರೆ, ಟಪ್ ಎಂಬುದು ಪಕ್ಕದ ಮನೆಯವರಿಗೂ ಕೇಳಿಸಿತು. ಒಣ ಮೂಗು, ಮೇಲೆ ಟಪ್! ಮಾವನೊಂದಿಗೆ ಇಷ್ಟು ವರ್ಷ ಸಂಸಾರ ಮಾಡಿದ ಅತ್ತೆಯೇ, “ಅಯ್ಯಯ್ಯೋ, ಇವರಿಗೆ ಎಣ್ಣೆ ಸೋರ್ತಿದೆ ನೋಡ್ರೋ!” ಎಂದುಬಿಟ್ಟರು.

ಅಂದಿನಿಂದ ಮಾವ ಗೋಡೆಗೆ ಒರಗಿದರೆ ಸಾಕು, ಮೊಮ್ಮಗಳು “ಶ್, ತಾತ ಚಾರ್ಜಿಗೆ ಕೂತಿದಾರೆ” ಎನ್ನುತ್ತಾಳೆ. ಕರೆದಾಗ ಓಗೊಡದಿರುವುದು ಅವರ ಹಳೆಯ ಅಭ್ಯಾಸ. ಈಗ ಅತ್ತೆ, “ಒಂದ್ಸಲ ಆಫ್ ಮಾಡಿ ಆನ್ ಮಾಡೇ” ಎಂದು ಸೊಸೆಗೆ ಹೇಳುತ್ತಾರೆ. ಮಾವ ನಗುವುದಿಲ್ಲ.

ಏಕೆಂದರೆ ಈ ಶನಿವಾರ ಅವರು ಅದೇ ಲಿಫ್ಟಿನ ಕೆಲಸದಿಂದ ನಿವೃತ್ತರಾಗುತ್ತಿದ್ದಾರೆ. ಮಹಡಿಯ ಅಂಕಿಯನ್ನು ತಾನೇ ಉಲಿಯುವ ಹೊಸ ಲಿಫ್ಟು ಸೋಮವಾರ ಬರಲಿದೆ. ಕಟ್ಟಡದ ಮೇಲ್ಮಹಡಿಯಲ್ಲಿ ನಡೆಯುವ ಬೀಳ್ಕೊಡುಗೆಯಲ್ಲಿ ಆ ದೃಶ್ಯವನ್ನು ಎಲ್ಲರೆದುರು ದೊಡ್ಡ ಪರದೆಯಲ್ಲಿ ತೋರಿಸುವರಂತೆ. ಲಿಫ್ಟ್ ಹತ್ತಿದವರು ನೋಡುವುದು ಬಾಗಿಲ ಮೇಲಿನ ಅಂಕಿಯನ್ನೇ ಹೊರತು ಸ್ಟೂಲಿನ ಮೇಲೆ ಕುಳಿತವರನ್ನಲ್ಲ. ಇಷ್ಟು ವರ್ಷಗಳಲ್ಲಿ ಮಾವನ ಮುಖವನ್ನು ನೆಟ್ಟಗೆ ನೋಡಿ ಮನುಷ್ಯ ಎಂದವನು ಆ ಪತ್ತೇದಾರನೊಬ್ಬನೇ. ಅವನ ಮಾತನ್ನೂ ತಾವು ಸುಳ್ಳು ಮಾಡಿದಿರಿ.

ಆದಕಾರಣ, ಒರೆಸಿದ ಹನಿಯನ್ನು ಎಲ್ಲಿಟ್ಟಿದ್ದೀರೋ ಹುಡುಕಿ, ಒಡೆಯದಂತೆ ಹತ್ತಿಯಲ್ಲಿ ಸುತ್ತಿ ಕಳುಹಿಸಬೇಕಾಗಿ ವಿನಂತಿ. ಹತ್ತಿ ಹೀರಿಕೊಂಡರೆ ಹತ್ತಿಯನ್ನೇ ಕಳುಹಿಸಿ, ಹಿಂಡಿಕೊಳ್ಳುತ್ತೇವೆ. ಅದೂ ಆಗದಿದ್ದರೆ ತಾವೇ ಖುದ್ದಾಗಿ ಆಗಮಿಸಿ, ಆ ದೃಶ್ಯ ಬಂದಾಗ ಪರದೆಯ ಪಕ್ಕದಲ್ಲಿ ನಿಂತು ಬೆವರಬೇಕು. ಲಿಫ್ಟಿನ ಫ್ಯಾನು ಇನ್ನೂ ರಿಪೇರಿಯಾಗಿಲ್ಲ. ಅದರಲ್ಲೇ ಮೇಲೆ ಬಂದರೆ ಅನುಕೂಲ.

ತಮ್ಮ ವಿಶ್ವಾಸಿ,
ಬೆವರುಮಾವನ ಸೋದರಳಿಯ
(ಸದ್ಯಕ್ಕೆ ಮನುಷ್ಯ)

ತಾ.ಕ.: ತಮ್ಮ ಸಹಾಯವಾಣಿಯಲ್ಲಿ ಇಂಪಾದ ದನಿಯೊಂದು ನನ್ನ ದೂರನ್ನೆಲ್ಲ ಆಲಿಸಿ, “ಕನ್ನಡಕ್ಕಾಗಿ ಒಂದನ್ನು ಒತ್ತಿ” ಎಂದಿತು. ಅದರ ಹಣೆಯನ್ನೊಮ್ಮೆ ಮುಟ್ಟಿ ನೋಡಿ. ಇನ್ನು ಇದನ್ನು ಓದುತ್ತಿರುವ ಮಹನೀಯರಲ್ಲಿ ಯಾರ ಮನೆಯ ಅಟ್ಟದ ಮೇಲಾದರೂ ಈ ಚಿತ್ರದ ಹಳೆಯ ವಿಡಿಯೊ ಕ್ಯಾಸೆಟ್ ಇದ್ದರೆ, ಶನಿವಾರ ಸಂಜೆಯ ಮಟ್ಟಿಗೆ ಕೊಡಿ. ಗೀರು ಬಿದ್ದಿದ್ದರೂ ಚಿಂತೆಯಿಲ್ಲ. ಟೇಪನ್ನು ಲಿಫ್ಟಿನ ದೃಶ್ಯದ ತನಕ ಸುತ್ತಿಟ್ಟುಕೊಟ್ಟರೆ ಮಹದುಪಕಾರ.