ಹಂಸದ ದೋಣಿಯಲ್ಲಿ ದೊಡ್ಡಪ್ಪ

"ತುಳಿಯೋ ಕತ್ತೆ! ನನ್ನೊಬ್ಬನ ಕಾಲಲ್ಲಿ ಇದು ಹೋಗುತ್ತಾ?"

"ತುಳೀತಾನೇ ಇದೀನಲ್ಲ ದೊಡ್ಡಪ್ಪ!"

"ಮೋಟಾರು ದೋಣಿಗೆ ಮೊದಲೇ ಹೇಳಿಡು ಅಂತ ಬಡ್ಕೊಂಡೆ. ಪೇಟೆಯವರೆಲ್ಲ ಗಾಳ ಹಿಡ್ಕೊಂಡು ಬಂದುಬಿಡ್ತಾರೆ ಅಂದೆ. ಈಗ ನೋಡು, ಪ್ರೇಮಿಗಳು ಕೂರೋ ಹಂಸದಲ್ಲಿ ನಾನು ಹಿರೀಕರ ಹತ್ರ ಹೋಗಬೇಕು!"

ಚಿಲ್‌ಬೊಕ್ ಇನ್ನೂ ಜೋರಾಗಿ ತುಳಿದ. ಮರೆತದ್ದು ಅವನೇ. ಜಲಾಶಯದ ದೋಣಿಕಟ್ಟೆಯಲ್ಲಿ ಉಳಿದಿದ್ದದ್ದು ಕೆಂಪು ಕೊಕ್ಕಿನ ಈ ಹಂಸ ಒಂದೇ. ಹಿಂದೆ ಹುಲ್ಲು ಕತ್ತರಿಸುವ ಮಷಿನ್ನು; ಮುಂದೆ ಹಿರೀಕರ ಪೂಜೆಗೆಂದು ಸೆಣಬಿನ ಬಿಳಿ ಅಂಗಿ ತೊಟ್ಟ ದೊಡ್ಡಪ್ಪ, ತೊಡೆಯ ಮೇಲೆ ಒಣಮೀನು, ಅಕ್ಕಿಹೆಂಡದ ಬಾಟಲಿ. ಒಂದೊಂದು ತುಳಿತಕ್ಕೂ ಅವರ ಕುದುರೆ ಕೂದಲಿನ ಕರಿ ಟೋಪಿ ಛಾವಣಿಗೆ ಬಡಿದು, ಕುದಿಯುವ ಪಾತ್ರೆಯ ಮುಚ್ಚಳದಂತೆ ಕುಣಿಯುತ್ತಿತ್ತು.

"ಅಜ್ಜಾ, ಮದುಮಗಳೆಲ್ಲಿ?" ಗಾಳ ಹಾಕಿ ಕೂತಿದ್ದವನೊಬ್ಬ ಕೂಗಿ, ಫೋಟೋ ಹೊಡೆದ.

ಪ್ರತಿ ವರ್ಷ ಹಿರೀಕರ ಹಬ್ಬಕ್ಕೆ ಬಹಳ ಮುಂಚೆಯೇ, ಒಂದು ನಸುಕಿನಲ್ಲಿ ಬಂದು, ಗೋರಿಗಳ ಹುಲ್ಲು ಕತ್ತರಿಸಿ, ಅಡ್ಡಬಿದ್ದು, ಊರು ಏಳುವ ಮೊದಲೇ ಮರಳುವುದು ದೊಡ್ಡಪ್ಪನ ಕಟ್ಟುನಿಟ್ಟು. ಇವತ್ತು ನೀರಿನ ನಡುವೆಯೇ ಬಿಸಿಲು ನೆತ್ತಿಗೇರಿತ್ತು.

ದೊಡ್ಡಪ್ಪನ ಅಂಗಡಿಯಲ್ಲಿ ಮೀನು ಹೆರೆದು ಹೆರೆದು ಮುದುಕನಾಗುತ್ತಿದ್ದ ಚಿಲ್‌ಬೊಕ್‌ಗೆ ಉಳಿದಿದ್ದ ಆಸೆ ಒಂದೇ. ತಾಯಿಯ ಬೂದಿಯ ಮಡಕೆ ಪಟ್ಟಣದ ಬಾಡಿಗೆ ಗೂಡಿನಲ್ಲಿ, ಗುರುತಿಲ್ಲದವರ ಮಡಕೆಗಳ ನಡುವೆ ಕೂತಿತ್ತು. ಗಂಡನ ಮಗ್ಗುಲಲ್ಲಿ ಮಲಗಿಸು ಎಂದು ಕೇಳಿಕೊಂಡೇ ಸತ್ತಿದ್ದಳು.

"ದೊಡ್ಡಪ್ಪ, ಈ ವರ್ಷವಾದ್ರೂ ಅಮ್ಮನ್ನ..."

"ಆ ಗುಡ್ಡದಲ್ಲಿ ಗುದ್ದಲಿ ಇಳಿಸಂಗಿಲ್ಲ ಅಂದಿದೀನಿ. ಹಿರೀಕರ ನಿದ್ದೆ ಕೆಡುತ್ತೆ. ತುಳಿ!"

ಗುಡ್ಡದಲ್ಲಿ ಮಷಿನ್ನು ಹುಲ್ಲಿಗಿಂತ ಮೊದಲು ಕಣಜದ ಗೂಡಿಗೆ ತಗುಲಿತು. ಚಿಲ್‌ಬೊಕ್‌ನ ತುಟಿ ಬದನೆಕಾಯಿಯಷ್ಟು ಊದಿಕೊಂಡಿತು.

"ಅಳಬೇಡ. ನಿಮ್ಮಪ್ಪ ನೋಡ್ತಿದಾನೆ," ಎಂದರು ದೊಡ್ಡಪ್ಪ.

ಅವನು ಹೆಂಡ ಸುರಿದು, ಅಪ್ಪನ ಗೋರಿಗೆ ಅಡ್ಡಬಿದ್ದು, ಆ ತುಟಿಯಲ್ಲೇ ಅಮ್ಮನ ವಿಷಯ ತೊದಲುತ್ತಿದ್ದಾಗ ಬೆನ್ನ ಹಿಂದೆ ದನಿ ಕೇಳಿತು.

"ಯಾರೋ ಅದು, ನನ್ನ ಮಾವನ ಮುಂದೆ ಬೋರಲು ಬಿದ್ದಿರೋನು?"

ಜಲಾಶಯದಲ್ಲಿ ಬಲೆ ಬಿಡುವ ಪ್ಯೊ ಮನೆತನದ ವಿಧವೆ ಕುಡುಗೋಲು ಹಿಡಿದು ನಿಂತಿದ್ದಳು. ಕೆಳಗೆ ದಡದಲ್ಲಿ ಅವಳ ಮೋಟಾರು ದೋಣಿ.

"ನಿಮ್ಮ ಮಾವ ಏನಕ್ಕ? ಇವರು ನಮ್ಮಪ್ಪ!"

ಅವಳು ಎಡೆಯಿಡುವ ಕಲ್ಲಿನ ಹಿಂಬದಿಯ ಪಾಚಿಯನ್ನು ಕುಡುಗೋಲಿನಿಂದ ಕೆರೆದಳು. ಪ್ಯೊ ಎಂದು ಕೊರೆದಿತ್ತು.

"ಪ್ರತಿ ವರ್ಷ ನಾನು ಬರೋ ಹೊತ್ತಿಗೆ ಹುಲ್ಲು ಕತ್ತರಿಸಿರುತ್ತೆ. ಕಿರಿಮಗ ಕದ್ದು ಬಂದು ಸೇವೆ ಮಾಡ್ತಾನೆ ಅಂದ್ಕೊಂಡು ಹೊಲಾನೆಲ್ಲ ಅವನಿಗೇ ಬರೆದುಬಿಟ್ಟೆನಲ್ಲೋ, ಹಾಳಾದವನೇ!"

"ಹಾಗಾದ್ರೆ ನಮ್ಮಪ್ಪ ಎಲ್ಲಿ?"

ಕುಡುಗೋಲು ನೀರಿನತ್ತ ಚಾಚಿತು. "ಅಣೆಕಟ್ಟು ಕಟ್ಟುವಾಗ ಮೂಳೆ ಎತ್ತಿ ಮೇಲೆ ಸಾಗಿಸೋಕೆ ಎಲ್ಲರಿಗೂ ದುಡ್ಡು ಕೊಟ್ರು. ನಾವು ಎತ್ತಿದ್ವಿ. ನಿನ್ನ ದೊಡ್ಡಪ್ಪ ಆ ದುಡ್ಡಲ್ಲಿ ಮೀನು ಸಾರಿನ ಅಂಗಡಿ ತೆರೆದ. ನಿಮ್ಮ ಗೋರಿ ಮೇಲೆ ನೀರು ಏರಿದ್ದನ್ನ ಕಣ್ಣಾರೆ ನೋಡಿದೀನಿ."

ಚಿಲ್‌ಬೊಕ್ ತಿರುಗಿದ. ದೊಡ್ಡಪ್ಪ ಅಂಗಿಯ ಹುಲ್ಲು ಕೊಡವಿಕೊಳ್ಳುತ್ತಿದ್ದರು.

"ಬಾಯಿ ಒಣಗಿದೆ. ನೀರು ಕುಡಿದು ಬರ್ತೀನಿ," ಎಂದು ದಡಕ್ಕೆ ಇಳಿದು ಹೋದರು.

ಸ್ವಲ್ಪ ಹೊತ್ತಿಗೆ ಮೋಟಾರು ಗುಡುಗಿತು.

"ಅಯ್ಯೋ ನನ್ನ ದೋಣಿ!" ವಿಧವೆ ಚೀರಿದಳು. ಬಿಳಿ ಅಂಗಿ, ಕರಿ ಟೋಪಿ ತಿರುಗಿಯೂ ನೋಡದೆ ಎದುರು ದಡಕ್ಕೆ ಸಾಗಿದವು. ದೋಣಿ ಮರುದಿನ ಸಿಕ್ಕಿತು. ಟೋಪಿ ಬಸ್ ನಿಲ್ದಾಣದ ಬೆಂಚಿನ ಮೇಲೆ ಸಿಕ್ಕಿತು. ದೊಡ್ಡಪ್ಪ ಸಿಗಲೇ ಇಲ್ಲ.

ಆದರೆ ಅಂದು ಇಬ್ಬರಿಗೂ ಉಳಿದದ್ದು ಹಂಸ.

"ತುಳಿಯೋ ಕತ್ತೆ!" ಎಂದು ವಿಧವೆ ದಾರಿಯುದ್ದಕ್ಕೂ ಬೈದಳು. ನಡುನೀರಿನಲ್ಲಿ ತಟಕ್ಕನೆ ಕಾಲು ನಿಲ್ಲಿಸಿದಳು. "ಇಲ್ಲೇ. ನಿಮ್ಮಪ್ಪ ಇಲ್ಲೇ ಕೆಳಗಿರೋದು."

ಚಿಲ್‌ಬೊಕ್ ಬಾಟಲಿಯಲ್ಲಿ ಉಳಿದಿದ್ದ ಹೆಂಡವನ್ನು ನೀರಿಗೆ ಸುರಿದ. ಗಾಳದವರು ಮತ್ತೆ ಫೋಟೋ ಹೊಡೆದರು. ಅವನು ಬಗ್ಗಿ, ತಳ ಕಾಣದ ಹಸಿರು ನೀರನ್ನೇ ಬಹಳ ಹೊತ್ತು ನೋಡಿದ.

ಅಮ್ಮನಿಗೆ ಈಜು ಬರುತ್ತಿರಲಿಲ್ಲ.