ನಾನು ಕಟ್ಟಿದ ರೇಡಿಯೋ ಮಾತಾಡಲಿಲ್ಲ

ತಂತಿ ಜೋಡಿಸುವ ಹುಚ್ಚು ಹಿಡಿದವನಿಗೆ ಇಂಥವು ಆಗುತ್ತಲೇ ಇರುತ್ತವೆ. ಒಂದೂರಿನಲ್ಲಿ ಆಗಿ ಅಲ್ಲಿಗೇ ನಿಂತರೆ ಗ್ರಹಚಾರ ಅಂದುಕೊಂಡು ಸುಮ್ಮನಿರಬಹುದು. ನನಗೆ ವರ್ಗವಾದ ಊರಿಗೆಲ್ಲ ಅವೂ ವರ್ಗ ಮಾಡಿಸಿಕೊಂಡು ಬಂದವು. ನಾನು ಮಿಡ್ಲ್ ಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದ ಮೇಷ್ಟ್ರು. ಹೊನ್ನಾಳಿ, ಚನ್ನಗಿರಿ, ನ್ಯಾಮತಿ, ಜಗಳೂರು ಅಂತ ಹತ್ತು ವರ್ಷ ತಿರುಗಿದೆ. ಹೋದಲ್ಲೆಲ್ಲ ಹೆಂಡತಿಯ ಪಾತ್ರೆಗಳ ಜೊತೆಗೆ ನನ್ನ ತಂತಿಗಳ ಪೆಟ್ಟಿಗೆಯೂ ಗಾಡಿ ಹತ್ತುತ್ತಿತ್ತು. ಅದರ ತಳದಲ್ಲಿ ಒಂದು ಇಂಗ್ಲಿಷ್ ಪುಸ್ತಕ. ಯಾರು ಬೇಕಾದರೂ ಮನೆಯಲ್ಲೇ ಕೂತು ರೇಡಿಯೋ ಕಟ್ಟಬಹುದು ಅಂತ ಅದರ ರಟ್ಟಿನ ಮೇಲೆ ಬರೆದಿತ್ತು. ಆ 'ಯಾರು ಬೇಕಾದರೂ' ಅನ್ನುವುದರಲ್ಲಿ ನಾನು ಸೇರಿಲ್ಲ ಎಂದು ತಿಳಿಯಲು ನನಗೆ ಹತ್ತು ವರ್ಷವೂ ಬೇಕಾಯಿತು.

ಹೊನ್ನಾಳಿಯ ಹರಳು

ಮೊದಲು ಕಟ್ಟಿದ್ದು ಹರಳಿನ ರೇಡಿಯೋ. ಅದಕ್ಕೆ ಬ್ಯಾಟರಿ ಬೇಡ, ವಾಲ್ವು ಬೇಡ. ಒಂದು ಕೊಳವೆಗೆ ತಾಮ್ರದ ತಂತಿ ಸುತ್ತಬೇಕು, ಕಡಲೆಕಾಳಿನಷ್ಟು ದೊಡ್ಡ ಹೊಳೆಯುವ ಹರಳಿಗೆ ಸೂಜಿಯಂಥ ತಂತಿಯ ತುದಿ ಮುಟ್ಟಿಸಬೇಕು, ಹೆಡ್‌ಫೋನು ಕಿವಿಗೆ ಹಾಕಿಕೊಂಡು ಹರಳಿನ ಮೇಲೆ ಸರಿಯಾದ ಜಾಗ ಹುಡುಕಬೇಕು. ಆಗ ಮೈಸೂರಿನಲ್ಲಿ ಹಾಡು ಬಿತ್ತರಿಸಲು ಶುರುಮಾಡಿದ್ದರು. ಅದನ್ನು ಹೊನ್ನಾಳಿಯ ಹೊಳೆದಂಡೆಯಲ್ಲಿ ಕೂತು ಕೇಳಬೇಕೆಂಬುದು ನನ್ನ ಆಸೆ.

ನಾಲ್ಕು ತಿಂಗಳು ಹುಡುಕಿದೆ. ಒಂದು ಚೂರು ಶಬ್ದವೂ ಬರಲಿಲ್ಲ. ತಂತಿಯನ್ನು ಬಿಚ್ಚಿ ಸುತ್ತಿದೆ, ಮತ್ತೆ ಬಿಚ್ಚಿ ಸುತ್ತಿದೆ. ಅಲೆ ಹಿಡಿಯುವ ಏರಿಯಲ್ ತಂತಿಯನ್ನು ಮಾಡಿನಿಂದ ತೆಗೆದು ಪಕ್ಕದವರ ತೆಂಗಿನಮರದ ತುದಿಗೆ ಕಟ್ಟಿಸಿದೆ. ಇನ್ನೊಂದು ತಂತಿಯನ್ನು ತಾಮ್ರದ ತಗಡಿಗೆ ಬೆಸೆದು ಹಿತ್ತಲಿನಲ್ಲಿ ಹೂತೆ. ಆ ಜಾಗ ಸದಾ ತೇವವಾಗಿರಬೇಕು ಅಂತ ಪುಸ್ತಕ ಹೇಳಿತ್ತು. ನನ್ನ ಹೆಂಡತಿ ಪಾತ್ರೆ ತೊಳೆದ ನೀರನ್ನೆಲ್ಲ ದಿನವೂ ಅಲ್ಲಿಗೇ ಸುರಿದಳು. ಅಲ್ಲಿ ಕೆಸುವಿನ ಗಿಡ ಚೆನ್ನಾಗಿ ಬಂತು. ಹಾಡು ಬರಲಿಲ್ಲ.

ಕೊನೆಗೆ ಸೇತುವೆ ನೋಡಲು ಬಂದಿದ್ದ ಒಬ್ಬ ಓವರ್ಸಿಯರು ರೇಡಿಯೋ ಬಲ್ಲವರೆಂದು ತಿಳಿದು ಮನೆಗೆ ಕರೆತಂದೆ. ಅವರು ಅರ್ಧ ಗಂಟೆ ಪರೀಕ್ಷೆ ಮಾಡಿ, ಇದರಲ್ಲಿ ಒಂದು ತಪ್ಪೂ ಇಲ್ಲ, ಬಹಳ ಅಚ್ಚುಕಟ್ಟಾಗಿ ಕಟ್ಟಿದ್ದೀರಿ ಅಂದರು. ಹಾಗಾದರೆ ಯಾಕೆ ಕೇಳುತ್ತಿಲ್ಲ ಅಂತ ಕೇಳಿದೆ. ಹರಳಿನ ರೇಡಿಯೋಗೆ ಹತ್ತಿಪ್ಪತ್ತು ಮೈಲಿಯಷ್ಟೇ ಕೇಳಿಸುತ್ತದೆ, ಮೈಸೂರು ಇಲ್ಲಿಂದ ನೂರೈವತ್ತು ಮೈಲಿಗೂ ಹೆಚ್ಚು ದೂರವಿದೆ, ಇದನ್ನೇ ಮೈಸೂರಿಗೆ ಒಯ್ದರೆ ಗಂಟೆ ಹೊಡೆದ ಹಾಗೆ ಕೇಳುತ್ತದೆ ಅಂದರು. ಆಮೇಲೆ ನೋಡಿದರೆ ಪುಸ್ತಕದ ಮೊದಲನೇ ಪುಟದಲ್ಲೇ ಆ ಮಾತಿತ್ತು. ನಾನು ನಕ್ಷೆ ಇದ್ದ ಪುಟದಿಂದ ಓದಲು ಶುರುಮಾಡಿದ್ದೆ.

ಓವರ್ಸಿಯರಿಗೆ ಕಾಫಿ ತಂದ ನನ್ನ ಹೆಂಡತಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅವರು ಹೋದ ಮೇಲೆ ಮೆಲ್ಲಗೆ ಹೇಳಿದಳು:

"ಮೈಸೂರಿಗೇ ಹೋಗಾದಾದ್ರೆ ಹಾಡೋರ ಎದುರಿಗೇ ಕುಂತು ಕೇಳಬೋದಲ್ರೀ. ಈ ಹರಳು ಯಾಕೆ ಬೇಕು?"

ಚನ್ನಗಿರಿಯ ಬೆಳಕು

ದೂರದ್ದು ಕೇಳಬೇಕಾದರೆ ವಾಲ್ವು ಬೇಕು. ಚನ್ನಗಿರಿಗೆ ಬಂದ ಮೇಲೆ ಬೊಂಬಾಯಿಗೆ ಬರೆದು ಒಂದು ವಾಲ್ವು ತರಿಸಿದೆ. ಹತ್ತಿಯಲ್ಲಿ ಸುತ್ತಿಟ್ಟ ಗಾಜಿನ ಬುರುಡೆ ಅಂಚೆಯಲ್ಲಿ ಒಡೆಯದೆ ಬಂದ ದಿನ ದೇವರಿಗೆ ಕಾಯಿ ಒಡೆಸಿದೆ.

ಈ ರೇಡಿಯೋಗೆ ಎರಡು ಬ್ಯಾಟರಿ. ವಾಲ್ವಿನೊಳಗಿನ ಎಳೆಯನ್ನು ಕೆಂಪಗೆ ಕಾಯಿಸಲು ಒಂದು ಚಿಕ್ಕದು, ಉಳಿದ ಕೆಲಸಕ್ಕೆ ಅದಕ್ಕಿಂತ ಮೂವತ್ತು ಪಟ್ಟು ಜೋರಿನ ಇನ್ನೊಂದು. ಎರಡಕ್ಕೂ ಬೇರೆಬೇರೆ ಬಣ್ಣದ ತಂತಿ ಹಾಕಿ ಅಂತ ಪುಸ್ತಕದಲ್ಲಿತ್ತು. ಪೇಟೆಯಲ್ಲಿ ನನಗೆ ಸಿಕ್ಕಿದ್ದು ಕೆಂಪು ಒಂದೇ. ಹಾಕುವವನು ನಾನೇ, ನನಗೆ ನೆನಪಿರುವುದಿಲ್ಲವೇ ಅಂದುಕೊಂಡೆ.

ಭಾನುವಾರ ಸಂಜೆ ಕತ್ತಲಾಗುವಾಗ ರೇಡಿಯೋ ಕೇಳಿಸುತ್ತೇನೆಂದು ಎಲ್ಲರನ್ನೂ ಸ್ಕೂಲಿಗೆ ಕರೆದೆ. ಹೆಡ್ಮೇಷ್ಟ್ರು ಪಂಚೆ ಮಡಿಸಿಕೊಂಡು ಮುಂದಿನ ಬೆಂಚಿನಲ್ಲಿ ಕೂತರು. ಅವರ ಹಿಂದೆ ಉಳಿದ ಮೇಷ್ಟ್ರುಗಳು, ಕಿಟಕಿಯ ತುಂಬ ಕೇರಿಯವರು. ನಾನು ರೇಡಿಯೋ ಅಲೆಗಳ ಬಗ್ಗೆ ಹತ್ತು ನಿಮಿಷ ಭಾಷಣ ಮಾಡಿ ತಂತಿ ಮುಟ್ಟಿಸಿದೆ. ವಾಲ್ವು ಫಳ್ಳನೆ ಬೆಳಗಿತು. ಗೋಡೆಯ ಮೇಲೆ ಎಲ್ಲರ ನೆರಳೂ ಬಿತ್ತು. ಆಮೇಲೆ ಟಿಕ್ ಅಂತ ಸಣ್ಣ ಸದ್ದಾಗಿ ಎಲ್ಲ ಮುಗಿಯಿತು. ದೊಡ್ಡ ಬ್ಯಾಟರಿಯನ್ನು ಚಿಕ್ಕದರ ಜಾಗಕ್ಕೆ ಕೊಟ್ಟಿದ್ದೆ. ಎರಡು ತಿಂಗಳು ಕಾದು ತರಿಸಿದ ವಾಲ್ವು ಅರ್ಧ ಗಳಿಗೆಯೂ ಬದುಕಲಿಲ್ಲ. ನಾನು ಆ ಬಿಸಿ ಬುರುಡೆಯನ್ನು ಹಿಡಿದುಕೊಂಡು ನಿಂತೇ ಇದ್ದೆ.

ಕಿಟಕಿಯಲ್ಲಿದ್ದವರು ಚಪ್ಪಾಳೆ ತಟ್ಟಿದರು. ಹೆಡ್ಮೇಷ್ಟ್ರು ಸಮಾಧಾನದಿಂದ ತಲೆಯಾಡಿಸಿದರು.

"ಬೆಳಕು ಬಾಳ ಚಂದ ಬಂತು ಮೇಷ್ಟ್ರೇ. ಇನ್ನು ಶಬ್ದ ಬರಾಕೆ ಎಷ್ಟೊತ್ತು ಬೇಕು?"

ಸವಳಂಗದ ನೀರು

ನ್ಯಾಮತಿಯಲ್ಲಿ ಎರಡನೇ ವಾಲ್ವು ಬಂತು. ಈ ಸಲ ಒಂದೊಂದು ತಂತಿಗೂ ಚೀಟಿ ಕಟ್ಟಿದೆ. ವಾಲ್ವು ಹದವಾಗಿ ಕೆಂಪಗಾಯಿತು, ಹೆಡ್‌ಫೋನಿನಲ್ಲಿ ಬರ್ ಅಂತ ಸದ್ದೂ ಬಂತು. ಇನ್ನೇನು ಮಾತು ಕೇಳಬೇಕು ಅನ್ನುವಾಗ ಚಿಕ್ಕ ಬ್ಯಾಟರಿ ಸೋತುಹೋಯಿತು. ಅದು ಆಸಿಡ್ ತುಂಬಿದ ಗಾಜಿನ ಡಬ್ಬಿ. ಚಾರ್ಜು ಮಾಡಿಸಲು ಶಿವಮೊಗ್ಗಕ್ಕೇ ಕಳಿಸಬೇಕು. ಬಸ್ಸಿನ ಕಂಡಕ್ಟರು ಒಳ್ಳೆಯವನು, ನಾನೇ ಒಯ್ದು ತರುತ್ತೇನೆ ಅಂದ, ಮಾರನೇ ದಿನವೇ ತಂದೂ ಕೊಟ್ಟ.

ತಂದು ಜೋಡಿಸಿದರೆ ವಾಲ್ವು ಮಿಣುಕ್ ಅನ್ನಲಿಲ್ಲ. ಬ್ಯಾಟರಿ ಆಗಷ್ಟೇ ಚಾರ್ಜಾಗಿ ಬಂದದ್ದು, ಅದರ ಮೇಲೆ ಅನುಮಾನ ಬರುವುದು ಹೇಗೆ? ಇಡೀ ರೇಡಿಯೋ ಬಿಚ್ಚಿದೆ. ಅಡಿಗೆಮನೆಯ ಕೆಂಡದಲ್ಲಿ ಕಬ್ಬಿಣದ ಸಲಾಕೆ ಕಾಯಿಸಿ ಒಂದೊಂದು ಬೆಸುಗೆಯನ್ನೂ ಹೊಸದಾಗಿ ಹಾಕಿದೆ. ಒಂದು ದಿನ ರೊಟ್ಟಿ ಸುಡಲು ಒಲೆ ಬಿಟ್ಟುಕೊಡಲಿಲ್ಲ ಅಂತ ಹೆಂಡತಿ ತನ್ನ ಅಣ್ಣನ ಮನೆಗೆ ಗೋವಿನಕೋವಿಗೆ ಹೋಗಿ ಎರಡು ದಿನ ಬರಲಿಲ್ಲ. ಹತ್ತನೇ ದಿನ, ಮಾಡಲು ಬೇರೇನೂ ಉಳಿಯದೆ, ಟಾರ್ಚಿನ ಬುರುಡೆಯನ್ನು ಬ್ಯಾಟರಿಗೆ ಮುಟ್ಟಿಸಿದೆ. ಅದೂ ಹತ್ತಲಿಲ್ಲ.

ಬಸ್ಸು ನಿಲ್ಲುವಲ್ಲಿಗೆ ಓಡಿದೆ. ನಿಜವಾಗಿಯೂ ಚಾರ್ಜು ಮಾಡಿಸಿದೆಯಾ ಅಂತ ಕಂಡಕ್ಟರನ್ನು ಕೇಳಿದೆ. ಮಾಡಿಸಿದ್ದು ನಿಜವೇ. ಆದರೆ ಬರುವಾಗ ಡಬ್ಬಿಯಿಂದ ಎರಡು ಹನಿ ತುಳುಕಿ ಅವನ ಖಾಕಿ ಚಡ್ಡಿಯಲ್ಲಿ ತೂತು ಬಿದ್ದಿತಂತೆ. ಮೂಸಿ ನೋಡಿದನಂತೆ.

"ಒಳಗಿನ ನೀರು ಕೆಟ್ಟು ಘಾಟು ಹೊಡೀತಿತ್ತು ಮೇಷ್ಟ್ರೇ. ಚೆಲ್ಲಿಬಿಟ್ಟು ದಾರಿಯಾಗೆ ಸವಳಂಗದ ಬಾವಿ ನೀರು ತುಂಬಿಸೀನಿ. ನಮ್ಮ ಬಸ್ಸಿಗೂ ಅದೇ ನೀರು ಹಾಕಾದು. ಒಂದಿನಾನೂ ಕೆಟ್ಟು ನಿಂತಿಲ್ಲ ನೋಡ್ರಿ."

ಜಗಳೂರಿನ ಕೂಗು

ಜಗಳೂರಿಗೆ ಬರುವ ಹೊತ್ತಿಗೆ ಎರಡನೇ ಮಹಾಯುದ್ಧ ಜೋರಾಗಿತ್ತು. ಬ್ಯಾಟರಿಗೆ ಮತ್ತೆ ಆಸಿಡ್ ತುಂಬಿಸಿದ್ದ ನನ್ನ ರೇಡಿಯೋ ಅಲ್ಲಿ ಒಂದು ಹೊಸ ಆಟ ಶುರುಮಾಡಿತು. ಶಬ್ದ ಹೆಚ್ಚಿಸಲೆಂದು ಗುಬುಟು ತಿರುಗಿಸಿದರೆ ನರಿ ಊಳಿಟ್ಟ ಹಾಗೆ ಕೂಗುತ್ತಿತ್ತು. ಗುಬುಟನ್ನು ಹಿಂದಕ್ಕೆ ತಿರುಗಿಸಿದರೆ ಪೂರಾ ಮೌನ. ದಿನಾ ಸಂಜೆ ಆ ಕೂಗನ್ನು ಕಿವಿಗೆ ಹಾಕಿಕೊಂಡು, ಅದರೊಳಗೆ ಮನುಷ್ಯರ ದನಿ ಏನಾದರೂ ಇದೆಯೇ ಅಂತ ಹುಡುಕುತ್ತಿದ್ದೆ.

ಹಿಂದಿನ ಬೀದಿಯಲ್ಲಿ ತಾಲ್ಲೂಕಿನ ಅಧಿಕಾರಿ ಅಮಲ್ದಾರರ ಮನೆ. ಅವರದು ಅಂಗಡಿಯಿಂದ ತಂದ ದೊಡ್ಡ ರೇಡಿಯೋ. ಒಂದು ದಿನ ಜವಾನನನ್ನು ಅಟ್ಟಿ ನನ್ನನ್ನು ಕರೆಸಿದರು. ಯುದ್ಧದ ಸುದ್ದಿ ಶುರುವಾಗುವ ಹೊತ್ತಿಗೆ ಸರಿಯಾಗಿ ರೇಡಿಯೋ ಊಳಿಡುತ್ತದೆ, ಒಂದಕ್ಷರ ತಿಳಿಯುವುದಿಲ್ಲ, ರಿಪೇರಿ ಮಾಡಿ ಅಂದರು. ನಾನು ಹಿಂಬದಿ ಬಿಚ್ಚಿ ಧೂಳು ಒರೆಸಿ ಮುಚ್ಚಿದೆ. ಸುದ್ದಿ ಸ್ಪಷ್ಟವಾಗಿ ಬಂತು. ಅಮಲ್ದಾರರು ಎದ್ದು ನನ್ನ ಬೆನ್ನು ತಟ್ಟಿದರು. ಹತ್ತು ವರ್ಷದಲ್ಲಿ ನನ್ನ ಕೈಯಿಂದ ಒಂದು ರೇಡಿಯೋ ಸರಿಹೋಗಿತ್ತು. ಮನೆಗೆ ಹೋಗುವಾಗ ಕಣ್ಣಲ್ಲಿ ನೀರು ಬಂತು.

ಮಾರನೇ ದಿನ ನನ್ನ ರೇಡಿಯೋ ಪೆಟ್ಟಿಗೆ ಹಚ್ಚಿ ಕೂತೆ. ಅಮಲ್ದಾರರ ಮನೆಯಲ್ಲಿ ಮತ್ತೆ ಕೂಗು. ಮತ್ತೆ ಕರೆ ಬಂತು, ಹೋದೆ, ಸರಿಯಾಯಿತು. ವಾರವಿಡೀ ಹೀಗೇ. ಕೊನೆಗೆ ಅವರು, ಮೇಷ್ಟ್ರ ಕೈಗುಣ ದೊಡ್ಡದು, ದಿನಾ ಸುದ್ದಿ ಮುಗಿಯುವ ತನಕ ಇಲ್ಲೇ ಕೂತಿರಿ ಅಂದರು. ಕೂತೆ. ಹದಿನೈದು ದಿನ ರೇಡಿಯೋ ಒಂದೇ ಒಂದು ಸಲವೂ ಕೂಗಲಿಲ್ಲ. ನಾನೂ ಅದು ನನ್ನ ಕೈಗುಣವೇ ಎಂದು ನಂಬಿಬಿಟ್ಟಿದ್ದೆ.

ಹದಿನಾರನೇ ದಿನ ನಾನು ಪಕ್ಕದಲ್ಲೇ ಕೂತಿದ್ದಾಗ ರೇಡಿಯೋ ಊಳಿಟ್ಟಿತು. ಮೇಲೇರಿತು, ಕೆಳಗಿಳಿಯಿತು, ಮತ್ತೆ ಮೇಲೇರಿತು. ಆ ಕೂಗು ನನಗೆ ಚೆನ್ನಾಗಿ ಪರಿಚಯವಿತ್ತು. ಅತ್ತ ಮನೆಯಲ್ಲಿ ನನ್ನ ಹೆಂಡತಿ ಬೇಸರ ಕಳೆಯಲು ನನ್ನ ಪೆಟ್ಟಿಗೆ ಹಚ್ಚಿಕೊಂಡು ಗುಬುಟು ತಿರುಗಿಸುತ್ತಿದ್ದಳು. ನಾನು ಕಟ್ಟಿದ್ದು ಅಲೆಯನ್ನು ಹಿಡಿಯುವುದರ ಬದಲು ಹೊರಡಿಸುತ್ತಿತ್ತು, ಅದೇ ಅಮಲ್ದಾರರ ರೇಡಿಯೋದಲ್ಲಿ ಊಳಿಡುತ್ತಿತ್ತು.

ಅಮಲ್ದಾರರು ನನ್ನ ಮುಖ ನೋಡಲಿಲ್ಲ, ಸೂರು ನೋಡುತ್ತಿದ್ದರು. ಇದು ರೇಡಿಯೋದ ದೋಷ ಅಲ್ಲ, ಯಾರೋ ಶತ್ರುವಿನ ಕಡೆಯವನು ಈ ಊರಲ್ಲೇ ಕೂತು ಸುದ್ದಿ ತಡೆಯುತ್ತಿದ್ದಾನೆ ಅಂದರು. ಆಗ ಅಂಥವರನ್ನು ವಿಚಾರಣೆಯೂ ಇಲ್ಲದೆ ಒಳಗೆ ಹಾಕುತ್ತಿದ್ದರು. ನಾಳೆ ಬೆಳಿಗ್ಗೆಯಿಂದ ಪೊಲೀಸು ದಫೇದಾರ ಮನೆಮನೆ ಶೋಧಿಸಲಿ, ಈ ವಿದ್ಯೆ ಬಲ್ಲವರು ನೀವೊಬ್ಬರೇ, ಜೊತೆಗೆ ಹೋಗಿ ಹಿಡಿದುಕೊಡಿ ಅಂತ ನನಗೇ ಹುಕುಂ ಮಾಡಿದರು.

ಮನೆಗೆ ಬಂದವನೇ ರೇಡಿಯೋ ಬಿಚ್ಚಿದೆ. ಸುರುಳಿ ತಂತಿ ಒಲೆಯ ಬೂದಿಗೆ, ಹೆಡ್‌ಫೋನು ರಾಗಿಯ ಮಡಕೆಗೆ, ವಾಲ್ವು ಹೆಂಡತಿಯ ಸೀರೆಗಳ ನಡುವೆ. ಮಾರನೇ ದಿನದಿಂದ ಮೂರು ದಿನ ದಫೇದಾರನ ಹಿಂದೆ ಊರೆಲ್ಲ ಅಲೆದೆ. ಕಾಳು ತುಂಬುವ ಹಗೇವು ಇಣುಕಿದೆವು, ಕೋಳಿಗೂಡು ಇಣುಕಿದೆವು. ಗಾಣದವರ ಮನೆಯ ಗ್ರಾಮಫೋನನ್ನು ದಫೇದಾರ ಹೊತ್ತುಕೊಂಡು ಹೊರಟಿದ್ದ, ಇದು ಅದಲ್ಲ ಅಂತ ಬಿಡಿಸಿದೆ. ನನ್ನ ಮನೆಯ ಮುಂದೆ ಬಂದಾಗ ಅವನು, ನಿಮ್ಮದೇನು ನೋಡಾದು ಸ್ವಾಮಿ ಅಂತ ಕೈಮುಗಿದು ಮುಂದೆ ಹೋದ.

ಕೂಗು ನಿಂತುಹೋಗಿತ್ತು. ಶತ್ರು ನನಗೆ ಹೆದರಿ ಊರು ಬಿಟ್ಟನೆಂದು ಅಮಲ್ದಾರರು ಮೊಹರು ಒತ್ತಿದ ಪ್ರಶಂಸಾಪತ್ರ ಕೊಟ್ಟರು. ಅದನ್ನು ಮನೆಗೆ ತಂದು, ನಡುಮನೆಯಲ್ಲಿ ಕೂತು, ಹೆಂಡತಿಗೆ ಮೊದಲಿನಿಂದ ಕೊನೆಯವರೆಗೆ ಎಲ್ಲವನ್ನೂ ಹೇಳಿದೆ. ಇನ್ನು ಜನ್ಮದಲ್ಲಿ ತಂತಿ ಮುಟ್ಟುವುದಿಲ್ಲ, ಹತ್ತು ವರ್ಷ ಮಣ್ಣುಪಾಲಾಯಿತು ಅಂದೆ. ಅವಳು ಪ್ರಶಂಸಾಪತ್ರವನ್ನು ಎರಡು ಸಲ ಓದಿಸಿಕೊಂಡಳು. ಆಮೇಲೆ ನನ್ನನ್ನು ಸಮಾಧಾನ ಮಾಡುವ ದನಿಯಲ್ಲಿ ಅಂದಳು:

"ಮಣ್ಣುಪಾಲು ಯಾಕಂತೀರಿ? ನಿಮ್ಮ ರೇಡಿಯೋ ಚೆನ್ನಾಗೇ ಕೇಳ್ತಿತ್ತಲ್ಲ. ನಮ್ಮ ಮನ್ಯಾಗಲ್ಲ, ಅಮಲ್ದಾರರ ಮನ್ಯಾಗೆ."