ವಾರಗಿತ್ತಿಯ ಐರ್ಲೆಂಡ್ ಲೈಸೆನ್ಸು

ಪಕ್ಕದ ಮನೆಯವರ ಸೀರೆ ಕಂಡು, ಓರಗೆಯವರ ಒಡವೆ ಕಂಡು ಹೊಟ್ಟೆ ಉರಿಸಿಕೊಳ್ಳುವವರು ಊರ ತುಂಬ ಇದ್ದಾರೆ. ಅವರ ಕಷ್ಟ ಯಾರಿಗಾದರೂ ಅರ್ಥವಾಗುತ್ತದೆ. ನಾನು ಹೊಟ್ಟೆ ಉರಿಸಿಕೊಂಡದ್ದು ಒಂದು ಡ್ರೈವಿಂಗ್ ಲೈಸೆನ್ಸ್ ಕಂಡು. ಅದೂ ನನ್ನ ಪರ್ಸಿನಲ್ಲಿ ಇಪ್ಪತ್ತೆರಡು ವರ್ಷದಿಂದ ಒಂದು ಲೈಸೆನ್ಸ್ ಇರುವಾಗ. ಹೊಟ್ಟೆಕಿಚ್ಚು ಪಾಪವೆಂದು ಗೊತ್ತು. ಚರ್ಚಿನಲ್ಲಿ ಪಾಪನಿವೇದನೆಗೆ ಹೋದಾಗ ಹೇಳಿಬಿಡೋಣವೆಂದರೆ, ಗುರುಗಳು "ಯಾವ ವಿಷಯಕ್ಕಮ್ಮ?" ಎಂದು ಕೇಳುತ್ತಾರೆ, "ಸ್ವಾಮಿ, ನನ್ನ ವಾರಗಿತ್ತಿ ಜೀಬ್ರಾ ಕ್ರಾಸಿಂಗ್‌ನಲ್ಲಿ ಕಾರು ನಿಲ್ಲಿಸುವ ವಿಷಯಕ್ಕೆ" ಎನ್ನಲು ಬಾಯಿ ಬರುವುದಿಲ್ಲ.

ಮೈಸೂರಿನ ಕೆಸರೆಯ ನಮ್ಮ ಮನೆತನದಲ್ಲಿ ಕಾರು ಓಡಿಸಿದ ಮೊದಲ ಹೆಂಗಸು ನಾನು. ನಮ್ಮೆಜಮಾನರಿಗೆ ಸ್ಟಿಯರಿಂಗ್ ಕಂಡರೆ ಕೈ ಬೆವರುತ್ತದೆ. ಅವರು ಹಿಂದಿನ ಸೀಟಿನಲ್ಲಿ ಪೇಪರ್ ಓದುವವರು. ದಿನಾ ಊರನ್ನು ಸೀಳಿಕೊಂಡು ಕಡಕೊಳದ ಕಾರ್ಖಾನೆಗೆ ಕೆಲಸಕ್ಕೆ ಹೋಗಿ ಬರುವವಳು ನಾನು. ಮದುವೆ, ಆಸ್ಪತ್ರೆ, ಭಾನುವಾರದ ಪೂಜೆ, ಎಲ್ಲಕ್ಕೂ ಸಾರಥಿ ನಾನೇ. ಈ ವಿದ್ಯೆಗೆ ನಾನು ಕೊಟ್ಟ ಪರೀಕ್ಷೆಯನ್ನೂ ಹೇಳಿಬಿಡುತ್ತೇನೆ. ಮೈದಾನದಲ್ಲಿ ಕಾರನ್ನು ಹತ್ತು ಮಾರು ಮುಂದೆ ಓಡಿಸಿ, ಐದು ಮಾರು ಹಿಂದೆ ತಂದೆ. ಹಿಂದೆ ತಂದದ್ದರಲ್ಲಿ ನನ್ನ ಪಾತ್ರ ಕಡಿಮೆ; ಪಕ್ಕದಲ್ಲಿ ಕೂತಿದ್ದ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರ ಕಾಲ ಕೆಳಗೂ ಪೆಡಲ್‌ಗಳಿದ್ದವು. ಮರದ ನೆರಳಿನಲ್ಲಿ ನಿಂತಿದ್ದ ಸಾಹೇಬರು "ಸರಿ, ಇಳೀರಮ್ಮ" ಎಂದರು. ಅಷ್ಟೇ.

ಹೀಗಿರುವಾಗ ಮೈದುನನ ಹೆಂಡತಿ ಲಿಲ್ಲಿ ಒಂದು ತಿಂಗಳ ರಜೆಗೆ ಐರ್ಲೆಂಡಿನಿಂದ ಬಂದಳು. ಅಲ್ಲಿ ಅವಳು ಆಸ್ಪತ್ರೆಯೊಂದರಲ್ಲಿ ನರ್ಸ್. ಮದುವೆಯಾದ ಹೊಸತರಲ್ಲಿ ನನ್ನ ಸ್ಕೂಟರಿನ ಹಿಂದೆ ಕೂತರೆ, ಹೆದರಿ ನನ್ನ ಸೊಂಟವನ್ನು ಹಪ್ಪಳ ಮಾಡುತ್ತಿದ್ದ ಹುಡುಗಿ. ಈಗ ಕಾರಿನ ಹಿಂದಿನ ಸೀಟಿನಲ್ಲಿ ಕೂತವಳೇ "ಅಕ್ಕ, ಬೆಲ್ಟ್ ಎಲ್ಲಿ?" ಎಂದಳು. ಹಿಂದಿನ ಸೀಟಿಗೆ ಬೆಲ್ಟ್ ಇದೆಯೆಂಬುದೇ ನನಗೆ ಮರೆತುಹೋಗಿತ್ತು. ಅವಳು ಸೀಟ್ ಕವರಿನ ಅಡಿಯಿಂದ ಅದನ್ನು ಎಳೆದಾಗ ಜೊತೆಗೆ ಒಂದು ಬಾಚಣಿಗೆ, ಅರ್ಧ ರಬ್ಬರು, ಯಾವುದೋ ವರ್ಷದ ಗರಿಗಳ ಭಾನುವಾರ ಚರ್ಚಿನಲ್ಲಿ ಕೊಟ್ಟ, ಒಣಗಿದ ಗರಿಯ ಶಿಲುಬೆ ಹೊರಗೆ ಬಂದವು. ಆಮೇಲೆ ಮುಂದಿನ ಸೀಟಿನಲ್ಲಿದ್ದ ಅತ್ತೆಯ ಕಡೆ ಬಗ್ಗಿ, "ಅತ್ತೆ, ನೀವೂ ಹಾಕ್ಕೊಳ್ಳಿ" ಎಂದಳು. ಪೊಲೀಸರು ಕಂಡಾಗ ಮಾತ್ರ ಬೆಲ್ಟನ್ನು ಎದೆಯ ಮೇಲೆ ಎಳೆದು ಹಿಡಿದುಕೊಳ್ಳುವ ವಿದ್ಯೆಯನ್ನು ಅತ್ತೆಗೆ ಕಲಿಸಿದವಳು ನಾನು. ಅವರು ಈಗ ಕಿರಿಸೊಸೆ ಹೇಳಿದ್ದೇ ತಡ ಬೆಲ್ಟ್ ಸಿಕ್ಕಿಸಿಕೊಂಡರು!

ಕಾಫಿಯ ಹೊತ್ತಿಗೆ ದಿನಾ ಐರ್ಲೆಂಡ್ ಪುರಾಣ. ಅಲ್ಲಿ ಮೊದಲು ಓದಿ ಪರೀಕ್ಷೆ ಬರೆಯಬೇಕಂತೆ. ಮೇಷ್ಟ್ರ ಜೊತೆ ಹನ್ನೆರಡು ಪಾಠ ಕಡ್ಡಾಯವಂತೆ. ಪಾಸಾದ ಮೇಲೂ ಎರಡು ವರ್ಷ ಕಾರಿಗೆ 'ಎನ್' ಎಂಬ ಫಲಕ ಅಂಟಿಸಿಕೊಂಡು, ತಾನು ಹೊಸಬಳೆಂದು ಊರಿಗೆಲ್ಲ ಸಾರಬೇಕಂತೆ. ತಪ್ಪು ಮಾಡಿದರೆ ಲೈಸೆನ್ಸಿನ ಮೇಲೆ ಪಾಯಿಂಟ್ ಬೀಳುತ್ತವಂತೆ. ಹೆಚ್ಚಾದರೆ ಕೆಲವು ತಿಂಗಳು ಕಾರು ಮುಟ್ಟುವಂತಿಲ್ಲವಂತೆ. ಅತ್ತೆ ಬಾಯಿಬಿಟ್ಟು ಕೇಳಿ, "ಅಂಗಾದ್ರೆ ಡಾಕ್ಟ್ರು ಓದ್ದಂಗೇ ಆಯ್ತು ಬುಡು" ಎಂದರು. ನಾನು ತಡೆಯಲಾರದೆ, "ರೂಲ್ಸ್ ನಮ್ಮಲ್ಲೂ ಇವೆ ಅತ್ತೆ" ಎಂದೆ. ಸುಳ್ಳಲ್ಲ. ಅವರೂ ಎಡಕ್ಕೇ ಓಡಿಸುತ್ತಾರೆ, ನಾವೂ ಎಡಕ್ಕೇ. ಸರ್ಕಲ್‌ನಲ್ಲಿ ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕೆಂದು ಅಲ್ಲೂ ಇದೆ, ಇಲ್ಲೂ ಇದೆ. ಅವರು ಪುಸ್ತಕ ಓದಿ ರಸ್ತೆಗೆ ಇಳಿಯುತ್ತಾರೆ, ನಾವು ರಸ್ತೆಗೆ ಇಳಿದು ದೇವರ ಮೇಲೆ ಭಾರ ಹಾಕುತ್ತೇವೆ.

ನಾನು ಒಂದು ಕುತಂತ್ರ ಮಾಡಿದೆ. ಆ ಭಾನುವಾರ ಬೋಗಾದಿಯ ಹೊಸ ಬಡಾವಣೆಯಲ್ಲಿರುವ ನಾದಿನಿಯ ಮನೆಗೆ ಊಟಕ್ಕೆ ಹೋಗಬೇಕಿತ್ತು. "ಲಿಲ್ಲಿ, ಇವತ್ತು ನೀನೇ ಓಡಿಸಮ್ಮ" ಎಂದು ಕೀಲಿ ಕೊಟ್ಟೆ. ಇಲ್ಲಿ ಓಡಿಸಲು ಬೇಕಾದ ಪರ್ಮಿಟ್ಟನ್ನೂ ಅವಳು ಮಾಡಿಸಿಕೊಂಡು ಬಂದಿದ್ದಳು. ಅದಕ್ಕೂ ಹೊಟ್ಟೆ ಉರಿಯಿತು. ಮೈಸೂರಿನ ರಸ್ತೆಯಲ್ಲಿ ಇವಳ ಪಾಂಡಿತ್ಯ ಹತ್ತೇ ನಿಮಿಷದಲ್ಲಿ ಇಳಿಯಲಿ ಎಂಬುದು ನನ್ನ ಪ್ರಾರ್ಥನೆ.

ಪ್ರಾರ್ಥನೆ ಫಲಿಸಿತು. ಜೀಬ್ರಾ ಪಟ್ಟೆಯ ಹತ್ತಿರ ಚೀಲ ಹಿಡಿದ ಮುದುಕಿಯೊಬ್ಬಳು ನಿಂತಿದ್ದಳು. ಲಿಲ್ಲಿ ಕಾರು ನಿಲ್ಲಿಸಿದಳು. ಮುದುಕಿಗೆ ನಂಬಿಕೆ ಬರಲಿಲ್ಲ. "ನೀ ಹೋಗು" ಎಂದು ಕೈ ಬೀಸಿದಳು. "ನೀವು ಹೋಗಿ" ಎಂದು ಲಿಲ್ಲಿ ಕೈ ಬೀಸಿದಳು. ಹಿಂದೆ ಹಾರನ್ನುಗಳ ವಾದ್ಯಗೋಷ್ಠಿ. ಒಬ್ಬ ಆಟೋದವನು ಪಕ್ಕಕ್ಕೆ ಬಂದು, "ಏನ್ ಮೇಡಂ, ಕೆಟ್ಟೋಯ್ತಾ? ತಳ್ಳಬೇಕಾ?" ಎಂದ. ನನಗೆ ಸ್ವರ್ಗಸುಖ. ಆದರೆ ಮುದುಕಿ ಕೊನೆಗೂ ದಾಟಿದವಳು, ನಮ್ಮ ಬಾನೆಟ್ ಮುಟ್ಟಿ "ನಿನ್ ಒಟ್ಟೆ ತಣ್ಣಗಿರ್ಲಿ ಕಣವ್ವ" ಎಂದು ಹರಸಿ ಹೋದಳು. ಹರಕೆ ಪೂರ್ತಿಯಾಗಿ ಲಿಲ್ಲಿಯ ಹೊಟ್ಟೆಗೇ ಸಂದಿತು. ನನ್ನದು ಇನ್ನಷ್ಟು ಕಾದಿತು.

ಮುಂದೆ ದೊಡ್ಡ ಸರ್ಕಲ್. ಬಲಗಡೆಯ ಗಾಡಿಗಳು ಮುಗಿಯಲಿ ಎಂದು ಲಿಲ್ಲಿ ಕಾದಳು. ಅವು ಮುಗಿಯುವ ಜಾತಿಯವಲ್ಲ. ಬಹಳ ಹೊತ್ತಿನ ಮೇಲೆ ಅತ್ತೆ, "ಮಗಾ, ಊಟ ಇಲ್ಲಿಗೇ ತರಿಸ್ಕಳನಾ?" ಎಂದರು. ಹೇಗೋ ಸರ್ಕಲ್ ದಾಟಿ, ಕಾರು ಪಕ್ಕಕ್ಕೆ ಹಾಕಿ, "ಆಗಲ್ಲ ಅಕ್ಕ, ನೀವೇ ಬನ್ನಿ" ಎಂದಳು ಲಿಲ್ಲಿ. ಸಿಂಹಾಸನ ನನಗೆ ಮರಳಿ ಬಂತು.

ಗೆದ್ದವಳ ಕಾಲು ನೆಲದ ಮೇಲೆ ನಿಲ್ಲುವುದಿಲ್ಲ. ಸಂದಿಯಲ್ಲಿ ನುಗ್ಗಿದೆ, ಬಸ್ಸನ್ನು ಹಿಂದೆ ಹಾಕಿದೆ, ಹಾರನ್ನಿನಿಂದ ಕೈ ತೆಗೆಯಲಿಲ್ಲ. ಬೋಗಾದಿಯಲ್ಲಿ ನಾದಿನಿಯ ಬೀದಿ ರಸ್ತೆಯ ಆಚೆ ಬದಿಗಿದೆ. ತಿರುವು ಇರುವುದು ಬಹಳ ಮುಂದೆ. "ಅಲ್ಲೀವರೆಗೆ ಯಾಕೆ ಹೋಗ್ಬೇಕು?" ಎಂದವಳೇ ಡಿವೈಡರಿನ ಸಂದಿನಲ್ಲಿ ನುಸುಳಿ, ಎದುರು ಬದಿಯಲ್ಲಿ, ಬರುವ ಗಾಡಿಗಳಿಗೆ ಮುಖ ಕೊಟ್ಟು ಹೊರಟೆ. ನೂರು ಹೆಜ್ಜೆಯೂ ಇರಲಿಲ್ಲ. ಅಷ್ಟರಲ್ಲಿ, ಮುಂದೆ ಬಣ್ಣದ ಡಬ್ಬವಿಟ್ಟುಕೊಂಡು ಪೇಂಟರ್ ಒಬ್ಬರು ಸ್ಕೂಟರಿನಲ್ಲಿ ಎದುರಾದರು. ನಾನು ಬ್ರೇಕ್ ತುಳಿದೆ. ಅವರು ಹ್ಯಾಂಡಲ್ ತಿರುಗಿಸಿ, ಕಟ್ಟುತ್ತಿದ್ದ ಮನೆಯ ಮುಂದಿನ ಮರಳುಗುಡ್ಡೆಗೆ ನುಗ್ಗಿ ಬಿದ್ದರು. ಡಬ್ಬ ಒಡೆದು ರಸ್ತೆಯೆಲ್ಲ ಬಿಳಿ. ಅತ್ತೆ ಮುಂದಕ್ಕೆ ಹಾರಿದವರು, ಗಾಜಿಗೆ ಒಂದು ಗೇಣಿರುವಾಗ ಬೆಲ್ಟಿನಲ್ಲಿ ತಡೆದು ನಿಂತರು.

ನಾಚಿಕೆಯ ಮಾತೊಂದು ಹೇಳಬೇಕು. ನಾನು ಇಳಿದು ಮೊದಲು ಆಡಿದ ಮಾತು, "ನೋಡ್ಕೊಂಡ್ ಬರೋಕಾಗಲ್ವೇನ್ರೀ?" ಎಂದು. ಅವರು ಮರಳು ಕೊಡವಿಕೊಂಡು, "ನೋಡ್ಕೊಂಡೇ ಬತ್ತಿದ್ದೆ ಕಣಮ್ಮ. ನೀವು ಬರಬಾರದ ಕಡೆಯಿಂದ ಬಂದ್ಬುಟ್ರಿ" ಎಂದರು. ಕೂಗಲೂ ಇಲ್ಲ. ಕೂಗಿದ್ದರೆ ನಾನೂ ಕೂಗಿ ಬಚಾವಾಗುತ್ತಿದ್ದೆ. ಅಷ್ಟರಲ್ಲಿ ಲಿಲ್ಲಿ ಅವರ ಮೊಣಕೈ ತೊಳೆದು, ಮಣಿಕಟ್ಟು ತಿರುಗಿಸಿ ನೋಡಿ, "ಮೂಳೆಗೇನೂ ಆಗಿಲ್ಲ ಅಣ್ಣ, ತರಚಿದೆ ಅಷ್ಟೇ" ಎಂದು ಕರ್ಚೀಫು ಕಟ್ಟುತ್ತಿದ್ದಳು. ನಾನು ತಪ್ಪಾಯಿತೆಂದು ಕೈಮುಗಿದು, ಹತ್ತಿರದ ಅಂಗಡಿಯಿಂದ ಹೊಸ ಡಬ್ಬ ತಂದುಕೊಟ್ಟೆ.

ಊಟ ಸೇರಲಿಲ್ಲ. ಮಹಡಿಯ ಮೇಲೆ ಒಬ್ಬಳೇ ಕೂತಿದ್ದಾಗ ಲಿಲ್ಲಿ ಬಂದಳು. ಅವಳು ಬೈಯಲಿ ಎಂದು ಕಾದೆ. ಅವಳು ಹೇಳಿದ್ದೇ ಬೇರೆ: "ಅಕ್ಕ, ಡ್ರೈವಿಂಗ್ ಅಂದ್ರೆ ನಂಗೆ ನೀವೇ. ನಿಮ್ ಸ್ಕೂಟರ್ ಹಿಂದೆ ಕೂತಾಗೆಲ್ಲ ಹೊಟ್ಟೆಕಿಚ್ಚಾಗ್ತಿತ್ತು, ಇವರಿಗೆ ಭಯಾನೇ ಇಲ್ವಲ್ಲ ಅಂತ. ಅಲ್ಲಿ ಮೊದಲನೇ ಟೆಸ್ಟ್‌ನಲ್ಲಿ ನಿಮ್ಮನ್ನೇ ನೆನೆಸ್ಕೊಂಡು, ನಿಮ್ ಥರಾನೇ ಓಡಿಸ್ದೆ."

ನನ್ನ ಕಣ್ಣು ಮಂಜಾಯಿತು. "ಆಮೇಲೆ?"

"ಫೇಲ್ ಮಾಡಿದ್ರು ಅಕ್ಕ. ಎರಡನೇ ಸಲಾನೂ. ಮೂರನೇ ಸಲಕ್ಕೆ ನಿಮ್ಮನ್ನ ಮರೆಯೋಕೆ ತುಂಬಾ ಕಷ್ಟಪಟ್ಟೆ."

ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ಅವಳು ಐರ್ಲೆಂಡಿಗೆ ಹೋಗಿ ಮೂರು ತಿಂಗಳಾಯಿತು. ನಾನು ಈಗ ದೂರದ ತಿರುವಿನವರೆಗೂ ಹೋಗಿ ಬರುತ್ತೇನೆ, ಹಾರನ್ ಮುಟ್ಟುವುದಿಲ್ಲ, ನಡೆದು ದಾಟುವವರು ಕಂಡರೆ ನಿಲ್ಲಿಸುತ್ತೇನೆ. ಹಿಂದಿನವರು ಬೈಯುತ್ತಾರೆ, ಬೈಸಿಕೊಳ್ಳುತ್ತೇನೆ. ಕಾರ್ಖಾನೆಗೆ ಹೊರಡುವುದು ಇಪ್ಪತ್ತು ನಿಮಿಷ ಮುಂಚೆ. ಇಷ್ಟೆಲ್ಲ ನಿದ್ದೆಗೆಟ್ಟು, ಬೈಸಿಕೊಂಡು, ಮೈ ಬಗ್ಗಿಸಿ ಕಲಿತ ಮೇಲೆ, ಮೊನ್ನೆ ಪೂಜೆ ಮುಗಿಸಿ ಬರುವಾಗ ಅತ್ತೆ ನನ್ನ ತೋಳು ಸವರಿ, ಪ್ರೀತಿಯಿಂದ ಹೇಳಿದರು: "ಈಚೀಚೆಗೆ ನೀನೂ ನಮ್ ಲಿಲ್ಲಿ ಥರಾನೇ ಓಡಿಸ್ತೀಯ ಕಣಮ್ಮ."

ಕಾರು ಒಂದಿಷ್ಟೂ ಅಲುಗಾಡಲಿಲ್ಲ. ಅಲುಗಾಡಿದ್ದು ನಾನೊಬ್ಬಳೇ.